ಲಾಭ, ಒಂದು, ಎರಡು

ಸೊನ್ನೆಯನ್ನು ನಾನು ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ಹಚ್ಚಿಕೊಂಡಿದ್ದೆ. ಬಿ.ಎಸ್ಸಿ.ಯಲ್ಲಿ ಗಣಿತ ಓದಿ ಹಳ್ಳಿಯ ಸರ್ಕಾರಿ ಶಾಲೆಗೆ ಟೀಚರಾಗಿ ಬಂದವಳಿಗೆ ಮಿಕ್ಕ ಒಂಬತ್ತು ಅಂಕಿಗಳು ದುಡಿಯುವ ಆಳುಗಳಂತೆಯೂ ಸೊನ್ನೆಯೊಂದೇ ಮನೆಯ ಯಜಮಾನನಂತೆಯೂ ಕಾಣುತ್ತಿದ್ದವು. ಪ್ರತಿ ವರ್ಷ ನಾಲ್ಕನೇ ಕ್ಲಾಸಿಗೆ ಹೊಸ ಮಕ್ಕಳು ಬಂದಾಗ ಬೋರ್ಡಿನ ತುಂಬ ಒಂದು ದುಂಡು ಬರೆದು ಇದೇನು ಎಂದು ಕೇಳುತ್ತಿದ್ದೆ. ಬಳೆ, ದೋಸೆ, ಕೋಳಿಮೊಟ್ಟೆ ಎಲ್ಲ ಬರುತ್ತಿದ್ದವು. ಒಂದು ಸಲ ಒಬ್ಬಳು ಎದ್ದು ನಿಂತು, ಇದು ನಮ್ಮಣ್ಣನ ಮಾರ್ಕ್ಸು ಮಿಸ್ ಎಂದಳು. ಅವಳ ಅಣ್ಣ ಪಕ್ಕದ ಕೋಣೆಯಲ್ಲೇ ಆರನೇ ಕ್ಲಾಸಿನಲ್ಲಿ ಕೂತಿದ್ದ.

ಆಮೇಲೆ ಶುರುವಾಗುತ್ತಿತ್ತು ನನ್ನ ಪುರಾಣ. ಬಿಡಿಗೊಂದು ಗೆರೆ, ಹತ್ತಕ್ಕೊಂದು ಗೆರೆ, ನೂರಕ್ಕೊಂದು ಗೆರೆ ಎಳೆದು ಕಲ್ಲುಹರಳು ಇಟ್ಟು ಎಣಿಸುತ್ತಿದ್ದ ಜನ, ಒಂದು ಗೆರೆಯಲ್ಲಿ ಹರಳೇ ಇಲ್ಲದಿದ್ದರೆ ಅದನ್ನು ಹೇಗೆ ಬರೆಯುವುದು ಎಂದು ಒದ್ದಾಡಿದ್ದು. ನಮ್ಮ ದೇಶದವರು ಆ ಖಾಲಿ ಜಾಗಕ್ಕೊಂದು ಚುಕ್ಕೆ ಇಟ್ಟಿದ್ದು, ಚುಕ್ಕೆ ಬೆಳೆದು ದುಂಡಗಾಗಿದ್ದು. ಅದು ಅರಬ್ಬರ ಜೊತೆ ಹೊರಟು ಇಡೀ ಪ್ರಪಂಚ ಸುತ್ತಿದ್ದು. ಅದಿಲ್ಲದಿದ್ದರೆ ನೂರಾ ಐದೂ ಹದಿನೈದೂ ಒಂದೇ ಥರ ಕಾಣುತ್ತಿತ್ತು ಎನ್ನುವುದು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿ, ಆದಮೇಲೆ ನೂರಾ ಐದನ್ನು ಒಂದು ಸೊನ್ನೆ ಸೊನ್ನೆ ಐದು ಎಂದೇ ಬರೆಯುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಆಗ ನಾನು ಬಹಳ ಬೇಗ ಸಿಟ್ಟಾಗುತ್ತಿದ್ದೆ. ಗಣಿತದಲ್ಲಿ ತಪ್ಪು ಮಾಡುವವರಿಗೆಲ್ಲ ಗಮನವಿಲ್ಲ ಎಂದೇ ನನ್ನ ತೀರ್ಮಾನ. ಅದು ಹೇಗೆ ಬದಲಾಯಿತು ಎನ್ನುವುದನ್ನು ಈಗ ಹೇಳುತ್ತೇನೆ. ಹೇಳಲು ಸ್ವಲ್ಪ ನಾಚಿಕೆ, ನಗುವೇ ಜಾಸ್ತಿ.

ನಾನು ಹುಣಸೂರು ಪೇಟೆಯಲ್ಲಿ ಬೆಳೆದವಳು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಅಕ್ಕಿ ನಮಗೆ ಅಂಗಡಿಯಿಂದ ಬರುವ ವಸ್ತು, ಅದಕ್ಕಿದ್ದ ಅಳತೆ ಕಿಲೋ ಒಂದೇ. ತೊಂಬತ್ತರ ದಶಕದ ನಡುವೆ ಮದುವೆಯಾಗಿ ಕೆ.ಆರ್. ನಗರದ ಕಡೆಯ ನಾಲೆ ನೀರಿನ ಹಳ್ಳಿಗೆ ಬಂದಾಗ ಭತ್ತದ ಪೈರಿಗೂ ಹುಲ್ಲಿಗೂ ವ್ಯತ್ಯಾಸ ಗೊತ್ತಿಲ್ಲದೆ ಗದ್ದೆಯ ಬದುವಿನ ಮೇಲೆ ನಿಂತು, ಇದು ಯಾವಾಗ ಹೂ ಬಿಡುತ್ತದೆ ಎಂದು ಕೇಳಿದ್ದೆನಂತೆ. ನಮ್ಮತ್ತೆ ಅದನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ನನ್ನ ಗಂಡನಿಗೆ ಮೈಸೂರಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ವಾರಕ್ಕೊಮ್ಮೆ ಬರುವುದು. ನನಗೆ ಪಕ್ಕದ ಊರಿನ ಶಾಲೆಗೆ ವರ್ಗವಾಗಿತ್ತು. ಅಲ್ಲಿಗೆ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದೆ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಸೈಕಲ್ ತುಳಿಯುವ ಸೊಸೆಯನ್ನು ಊರು ಮೊದಲ ಒಂದು ತಿಂಗಳು ನಿಂತು ನೋಡಿತು, ಆಮೇಲೆ ದಾರಿ ಬಿಟ್ಟಿತು.

ನಮ್ಮ ಮಾವನಿಗೆ ಒಬ್ಬರೇ ಅಣ್ಣ. ನಾನು ಅವರನ್ನು ದೊಡ್ಡಮಾವ ಎಂದು ಕರೆಯುತ್ತಿದ್ದೆ. ಅಣ್ಣತಮ್ಮಂದಿರಿಗೆ ಮನೆ ಬೇರೆ, ಒಲೆ ಬೇರೆ, ಆದರೆ ನಾಲೆಯ ಕೆಳಗಿನ ಮೂರು ಎಕರೆ ಗದ್ದೆ ಮಾತ್ರ ಒಟ್ಟಿಗೆ. ವರ್ಷಕ್ಕೊಮ್ಮೆ ಕಣದಲ್ಲಿ ಭತ್ತದ ರಾಶಿ ಮಾಡಿ, ಕೊಳಗದಲ್ಲಿ ಅಳೆದು, ಸರಿಸಮ ಹಂಚಿಕೊಳ್ಳುವರು. ಊರಿನವರೆಲ್ಲ ಆಗಲೇ ಚೀಲ, ತೂಕ ಎನ್ನತೊಡಗಿದ್ದರೂ ಇವರಿಬ್ಬರದು ಮಾತ್ರ ಕಬ್ಬಿಣದ ಪಟ್ಟಿ ಬಿಗಿದ ಅದೇ ಹಳೆಯ ಮರದ ಕೊಳಗ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಮಾವ ಅಳೆಯುವುದು, ದೊಡ್ಡಮಾವ ಎಣಿಸುವುದು. ಮೊದಲ ಖಂಡುಗ ಅಣ್ಣನ ಗುಡ್ಡೆಗೆ, ಎರಡನೆಯದು ತಮ್ಮನ ಗುಡ್ಡೆಗೆ, ಹೀಗೆ ಸರದಿ. ಅಷ್ಟು ವರ್ಷಗಳಲ್ಲಿ ಒಂದು ಸಲವೂ ಅವರಿಬ್ಬರ ನಡುವೆ ಆ ವಿಷಯಕ್ಕೆ ಮಾತು ಬೆಳೆದದ್ದಿಲ್ಲ.

ನಾನು ಹೇಳಹೊರಟ ಆ ವರ್ಷ ದೊಡ್ಡಮಾವನಿಗೆ ಕಣ್ಣಿನ ಪೊರೆ ತೆಗೆಸಿದ್ದರು. ಬಲಗಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟು, ದೂಳಿನ ಹತ್ತಿರ ಸುಳಿಯಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಕಣವೆಂದರೆ ದೂಳೇ. ಹಾಗಾದರೆ ಎಣಿಸುವವರು ಯಾರು? ಅಣ್ಣತಮ್ಮಂದಿರು ಜಗಲಿಯ ಮೇಲೆ ಒಂದು ಸಂಜೆಯೆಲ್ಲ ಕೂತು ಯೋಚಿಸಿದರು. ಕೊನೆಗೆ ದೊಡ್ಡಮಾವನೇ, ಮನೆಯಲ್ಲಿ ಲೆಕ್ಕದ ಟೀಚರನ್ನೇ ಇಟ್ಟುಕೊಂಡು ಊರೆಲ್ಲ ಹುಡುಕುವುದು ಯಾಕೆ ಎಂದರು. ಹೆಂಗಸರು ರಾಶಿಯ ಹತ್ತಿರ ಬಂದು ಎಣಿಸಿದ್ದು ನಮ್ಮ ಮನೆತನದಲ್ಲಿ ಇಲ್ಲ ಎಂದು ಅತ್ತೆ ಒಳಗಿನಿಂದಲೇ ರಾಗ ಎಳೆದರು. ಭತ್ತದ ಲಕ್ಷ್ಮಿಯೂ ಹೆಂಗಸೇ ತಾನೇ ಎಂದು ದೊಡ್ಡಮಾವ ಆ ಮಾತನ್ನು ಅಲ್ಲಿಗೇ ಮುಗಿಸಿದರು. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ನೂರರೊಳಗಿನ ಎಣಿಕೆಗೆ ಒಬ್ಬ ಬಿ.ಎಸ್ಸಿ. ಬೇಕೇ ಎಂದು ಗಂಡ ಚುಡಾಯಿಸಿದರೂ ನಾನು ಕೇಳಿಸಿಕೊಳ್ಳಲಿಲ್ಲ.

ಇನ್ನೊಬ್ಬರ ಬಗ್ಗೆ ಹೇಳಬೇಕು. ನಮ್ಮ ಕಣದ ಕಾವಲಿನಾತ. ವಯಸ್ಸು ಐವತ್ತರ ಆಸುಪಾಸು, ತೆಳ್ಳಗೆ ಉದ್ದಕ್ಕೆ ಇದ್ದ ಆಳು, ಕಂಬಳಿ ಕೋಲು ಬಿಟ್ಟು ಕಂಡವರಿಲ್ಲ. ಸುಗ್ಗಿಯಲ್ಲಿ ನಮ್ಮ ಕಣ ಮುಗಿದರೆ ಮತ್ತೊಬ್ಬರ ಕಣ, ಅದು ಮುಗಿದರೆ ಪಕ್ಕದೂರಿನ ಇನ್ನೊಬ್ಬರದು. ಆ ಎರಡು ತಿಂಗಳು ಅವನು ಮನೆಯಲ್ಲಿ ಮಲಗಿದ್ದೇ ಇಲ್ಲ. ಅವನ ಅಪ್ಪನೂ ಇದೇ ಕಣ ಕಾದವನು. ರಾಶಿ ಅಳೆದು ಮುಗಿದಮೇಲೆ ನೆಲಕ್ಕಂಟಿ ಉಳಿದ ಭತ್ತವನ್ನು ಗುಡಿಸಿಕೊಳ್ಳುವ ಹಕ್ಕು ಕಾವಲಿನವನದು. ಅವನು ಎಷ್ಟು ಒಪ್ಪವಾಗಿ ಗುಡಿಸುತ್ತಿದ್ದನೆಂದರೆ ಸಗಣಿ ಸಾರಿಸಿದ ನೆಲ ಹೊಸದಾಗಿ ಸಾರಿಸಿದಂತೆ ಕಾಣುತ್ತಿತ್ತು. ನನ್ನ ಸೈಕಲ್ ಕಂಡರೆ ಮಾತ್ರ ಅವನಿಗೆ ತಮಾಷೆ. ಗಾಡಿ ಬಂತು ದಾರಿ ಬುಡ್ರಪ್ಪೋ ಎಂದು ತನ್ನ ಪಾಡಿಗೆ ಕೂಗುತ್ತಿದ್ದ.

ರಾಶಿಪೂಜೆ ಭಾನುವಾರ ಬಂತು. ಗಾಳಿಗೆ ತೂರಿದ ಭತ್ತ ಕಣದ ನಡುವೆ ಗುಡ್ಡವಾಗಿ ನಿಂತಿತ್ತು. ನೆತ್ತಿಯ ಮೇಲೆ ಸಗಣಿಯ ಬೆನಕ, ಅದಕ್ಕೆ ಗರಿಕೆ, ಕುಂಬಳದ ಹೂ. ದೊಡ್ಡಮಾವ ದೂರದ ಹುಣಸೆಮರದ ಕೆಳಗೆ ಕೂರಬೇಕು ಎಂದು ಮಾತಾಗಿತ್ತು. ಆದರೂ ಅಳೆಯುವ ಮೊದಲು ಎದ್ದು ಬಂದು, ಹಸಿರು ಬಟ್ಟೆಯನ್ನು ಕೈಯಲ್ಲಿ ಒತ್ತಿಹಿಡಿದು, ರಾಶಿಯನ್ನು ಮೂರು ಸುತ್ತು ಸುತ್ತಿದರು. ಕಣ್ಣಂದಾಜಿನಲ್ಲಿ ರಾಶಿಯನ್ನು ಹೇಳುವುದರಲ್ಲಿ ಅವರು ಸುತ್ತಲ ಹತ್ತೂರಿಗೆ ಹೆಸರಾದವರು.

"ನಲವತ್ತೆರಡು ಖಂಡುಗ" ಎಂದರು. "ಒಂದ್ ಕಣ್ಣಲ್ ನೋಡ್ದೆ ಅಂತ ಅನುಮಾನ ಬ್ಯಾಡ. ರಾಶಿಗೆ ಒಂದ್ ಕಣ್ಣು ಸಾಕು."

ನಮ್ಮ ಮಾವ ಚಪ್ಪಲಿ ದೂರ ಬಿಟ್ಟು, ತಲೆಗೆ ವಸ್ತ್ರ ಸುತ್ತಿ, ಮೂಡಲಿಗೆ ಮುಖ ಮಾಡಿ ಕೂತರು. ನನಗೆ ಹೇಳಿದ್ದು ಇಷ್ಟೇ. ರಾಶಿಯ ಮುಂದೆ ಯಾರೂ ಮಾತಾಡಬಾರದು, ಎಣಿಕೆಯನ್ನೂ ಬಾಯಿಬಿಟ್ಟು ಹೇಳಬಾರದು, ಹೇಳಿದರೆ ರಾಶಿ ಕುಗ್ಗುತ್ತದೆ. ಮನಸ್ಸಿನಲ್ಲೇ ಎಣಿಸಿಕೊಂಡು, ಇಪ್ಪತ್ತಾದ ಕೂಡಲೇ ಒಂದು ಹಿಡಿ ಭತ್ತ ತೆಗೆದು ಪಕ್ಕಕ್ಕಿಡಬೇಕು. ಆ ಹಿಡಿ ನೋಡಿದರೆ ಖಂಡುಗ ತುಂಬಿತೆಂದು ಅವರಿಗೆ ಗೊತ್ತಾಗುತ್ತದೆ. ಕೊನೆಗೆ ಹಿಡಿಗಳನ್ನು ಎಣಿಸಿದರೆ ಒಟ್ಟು ಖಂಡುಗ ಸಿಗುತ್ತದೆ. ಇಷ್ಟು ಹೇಳಿ ಮಾವ ಮೊದಲ ಕೊಳಗವನ್ನು ಗೋಪುರದಂತೆ ತುಂಬಿ, ಎತ್ತಿ ಸುರಿಯುತ್ತ, ತಗ್ಗಿದ ದನಿಯಲ್ಲಿ "ಲಾಭ" ಎಂದರು. ಖಂಡುಗದ ಮೊದಲ ಕೊಳಗಕ್ಕೆ ಆ ಒಂದು ಮಾತು, ಮಿಕ್ಕವಕ್ಕೆ ಅದೂ ಇಲ್ಲ.

ಆ ಲಾಭವೇ ನನ್ನನ್ನು ಕೆಡಿಸಿದ್ದು. ಅದಕ್ಕೆ ಮುಂಚಿನ ವಾರವಿಡೀ ಶಾಲೆಯಲ್ಲಿ ನಾನು ಸೊನ್ನೆಯನ್ನೇ ಪಾಠ ಮಾಡಿದ್ದೆ. ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ, ಒಂದರಿಂದಲ್ಲ ಎಂದು ಬಡಿದುಕೊಂಡಿದ್ದೆ. ಇಲ್ಲಿ ನೋಡಿದರೆ ಓದುಬರಹವಿಲ್ಲದ ನಮ್ಮ ಮಾವ ಮೊದಲ ಕೊಳಗಕ್ಕೆ ಒಂದು ಎನ್ನದೆ ಲಾಭ ಎನ್ನುತ್ತಿದ್ದಾರೆ. ಆಹಾ ಎಂದುಕೊಂಡೆ. ಇದು ದೇವರ ಪಾಲಿನ ಕೊಳಗ, ಲೆಕ್ಕಕ್ಕೆ ಸೇರದ್ದು. ಇವರೂ ಸೊನ್ನೆಯಿಂದಲೇ ಶುರು ಮಾಡುತ್ತಾರೆ. ಈ ಮಣ್ಣಿನಲ್ಲೇ ಸೊನ್ನೆ ಹುಟ್ಟಿದ್ದು ಸುಮ್ಮನೆ ಅಲ್ಲ. ಕಣ್ಣಲ್ಲಿ ನೀರೇ ಬಂದಂತಾಯಿತು. ಲಾಭವನ್ನು ಸೊನ್ನೆಗೆ ಬಿಟ್ಟು, ಮುಂದಿನ ಕೊಳಗಕ್ಕೆ ಒಂದು, ಅದರ ಮುಂದಿನದಕ್ಕೆ ಎರಡು ಎಂದು ಬೆರಳು ಮಡಿಸುತ್ತ ಹೋದೆ. ಇಪ್ಪತ್ತಾದಾಗ ಒಂದು ಹಿಡಿ ಪಕ್ಕಕ್ಕಿಟ್ಟೆ. ಮಾವ ಮತ್ತೆ ಲಾಭ ಎಂದರು. ನಾನು ಮತ್ತೆ ಸೊನ್ನೆ ಎಂದುಕೊಂಡೆ. ಯಾರನ್ನಾದರೂ ಒಂದು ಮಾತು ಕೇಳಬಹುದಿತ್ತು. ಆದರೆ ಅಲ್ಲಿ ಮಾತಾಡುವಂತಿರಲಿಲ್ಲ, ಮತ್ತು ಕೇಳುವ ಬುದ್ಧಿ ಆಗ ನನಗೂ ಇರಲಿಲ್ಲ.

ಊಟದ ಹೊತ್ತು ಮೀರಿ ರಾಶಿ ಮುಗಿಯಿತು. ಹಿಡಿಗಳನ್ನು ಎಣಿಸಿದರೆ ನಲವತ್ತು.

ದೊಡ್ಡಮಾವ ಮರದ ಕೆಳಗಿನಿಂದ ಎದ್ದು ಬಂದು ತಾವೇ ಮತ್ತೆ ಎಣಿಸಿದರು. ನಲವತ್ತೇ. ಎರಡು ಗುಡ್ಡೆಗೂ ಇಪ್ಪತ್ತಿಪ್ಪತ್ತು. ಅಣ್ಣತಮ್ಮಂದಿರ ಪಾಲಿನಲ್ಲಿ ವ್ಯತ್ಯಾಸವೇನೂ ಇರಲಿಲ್ಲ, ಆದ್ದರಿಂದ ಜಗಳಕ್ಕೆ ಕಾರಣವಿರಲಿಲ್ಲ. ಆದರೆ ಎರಡು ಖಂಡುಗ ಎಲ್ಲಿಗೆ ಹೋಯಿತು? ಒಂದೋ ದೊಡ್ಡಮಾವನ ಕಣ್ಣು ಮೋಸ ಮಾಡಿರಬೇಕು, ಇಲ್ಲವೇ ಭತ್ತ ಕಣದಿಂದ ಹೊರಗೆ ಹೋಗಿರಬೇಕು. ಹೊಸದಾಗಿ ಆಪರೇಷನ್ ಮಾಡಿಸಿಕೊಂಡವರಿಗೆ ನಿಮ್ಮ ಕಣ್ಣೇ ಸರಿಯಿಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮೂರನೆಯ ಕಾರಣವೊಂದು ಇರಬಹುದೆಂದು ಒಬ್ಬರಿಗೂ ಹೊಳೆಯಲಿಲ್ಲ. ಎಣಿಸಿದವಳು ಬಿ.ಎಸ್ಸಿ. ಅಲ್ಲವೇ. ನನಗೂ ಹೊಳೆಯಲಿಲ್ಲ. ನಾನು ದೊಡ್ಡಮಾವನ ಕಣ್ಣಿನ ಬಗ್ಗೆ ಮನಸ್ಸಿನಲ್ಲೇ ಮರುಗುತ್ತ ನಿಂತಿದ್ದೆ.

ದೊಡ್ಡಮಾವ ಕಾವಲಿನಾತನ ಕಡೆ ತಿರುಗಿದರು. ಅವರು ಬೈಯಲಿಲ್ಲ, ಕಳ್ಳ ಎನ್ನಲಿಲ್ಲ. ಇಷ್ಟೇ ಕೇಳಿದರು: "ನಿದ್ದೆ ಗಿದ್ದೆ ಅತ್ತಿತ್ತೇನ್ಲಾ?"

ಅವನು ಕೋಲನ್ನು ಕಣದ ಮೇಟಿ ಕಂಬಕ್ಕೆ ಒರಗಿಸಿದ. ಕಂಬಳಿ ಕೊಡವಿ ಮಡಿಸಿದ. "ನಮ್ಮಪ್ಪನ್ ಕಾಲ್ದಿಂದ ಯಾರೂ ಕೇಳಿರ್ನಿಲ್ಲ ಯಜಮಾನ್ರೆ" ಎಂದ. ಉಳಿದ ಭತ್ತ ಗುಡಿಸಿಕೊಳ್ಳುವಂತೆ ಮಾವ ಎಷ್ಟು ಹೇಳಿದರೂ ಪೊರಕೆ ಮುಟ್ಟಲಿಲ್ಲ. ವಿಷಯ ಗೊತ್ತಾಗುವವರೆಗೂ ಒಂದು ಕಾಳೂ ಕಣದಿಂದ ಅಲ್ಲಾಡಕೂಡದು ಎಂದು ದೊಡ್ಡಮಾವ ಗಾಡಿಗಳನ್ನು ನಿಲ್ಲಿಸಿದರು. ಎರಡು ಗುಡ್ಡೆಗೂ ಹುಲ್ಲು ಹೊದಿಸಿದರು.

ಸೋಮವಾರ ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೆ ಸುದ್ದಿ ಊರು ದಾಟಿತ್ತು. ಮುಂದಿನ ವಾರ ಅವನನ್ನು ಕಾವಲಿಗೆ ಕರೆದಿದ್ದ ಪಕ್ಕದೂರಿನವರು, ಸದ್ಯಕ್ಕೆ ಬರುವುದು ಬೇಡವಂತೆ ಎಂದು ಹೇಳಿ ಕಳಿಸಿದ್ದರು. ಅವನ ಹೆಂಡತಿ ನಮ್ಮ ಹಿತ್ತಲ ಬಾಗಿಲಿಗೆ ಬಂದು ಅತ್ತೆಯ ಹತ್ತಿರ ಅತ್ತುಕೊಂಡಳು. ನಾಳೆ ಪಿರಿಯಾಪಟ್ಟಣದ ಬಸ್ಸು ಹತ್ತಿ ಕೊಡಗಿಗೆ ಕಾಫಿ ಕುಯ್ಯಲು ಹೋಗಿಬಿಡುವುದು, ಈ ಊರಿನ ಕಣ ಇನ್ನು ಕಾಯುವುದಿಲ್ಲ ಎಂದು ಅವನು ಹಠ ಹಿಡಿದಿದ್ದಾನಂತೆ. ನನಗೆ ಬೇಜಾರಾಯಿತು. ದಾರಿಯುದ್ದಕ್ಕೂ ಸೈಕಲ್ ತುಳಿಯುತ್ತ, ಪಾಪ, ದೊಡ್ಡಮಾವ ತಮ್ಮ ಕಣ್ಣಿನ ತಪ್ಪನ್ನು ಒಪ್ಪಿಕೊಂಡಿದ್ದರೆ ಏನಾಗುತ್ತಿತ್ತು ಎಂದು ಅವರ ಮೇಲೇ ಸಿಟ್ಟು ಮಾಡಿಕೊಂಡೆ.

ಅವತ್ತು ಐದನೇ ಕ್ಲಾಸಿಗೆ ಅಳತೆಯ ಪಾಠ. ಎಲ್ಲರ ಕೈಯಲ್ಲೂ ಹದಿನೈದು ಸೆಂಟಿಮೀಟರಿನ ಸ್ಕೇಲು. ನಾನು ಸುಮ್ಮನೆ, ಇದರಲ್ಲಿ ಅಂಕಿ ಬರೆದ ಗೆರೆ ಎಷ್ಟಿವೆ ಎಂದು ಕೇಳಿದೆ. ಎಲ್ಲರೂ ಹದಿನೈದು ಎಂದು ಕೂಗಿದರು. ಹಿಂದಿನ ಸಾಲಿನ ಒಬ್ಬಳು ಮಾತ್ರ ಹದಿನಾರು ಎಂದಳು. ಹಿಂದಿನ ವರ್ಷ ಅಣ್ಣನ ಮಾರ್ಕ್ಸು ಹೇಳಿದ್ದಳಲ್ಲ, ಅವಳೇ. ನನಗೆ ಮಾಮೂಲಿನ ಸಿಟ್ಟು ಬಂತು. ಹದಿನೈದರ ಸ್ಕೇಲಿನಲ್ಲಿ ಹದಿನಾರು ಹೇಗೆ ಬರುತ್ತದೆ, ಗಮನ ಎಲ್ಲಿದೆ ಎಂದು ಗದರಿದೆ. ಅವಳು ಹೆದರಲಿಲ್ಲ. ಸ್ಕೇಲು ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದು ಬೆರಳಿಟ್ಟು ತೋರಿಸಿದಳು.

"ಸೊನ್ನೆ ಗೆರೆನೂ ಗೆರೆನೇ ಅಲ್ವಾ ಮಿಸ್? ಅದ್ನ ಬುಟ್ಬುಟ್ ಎಣುಸ್ತಿದ್ದೀರ."

ನಾನು ಎಣಿಸಿದೆ. ಹದಿನಾರು. ಸರಿಯಾದ ಉತ್ತರ ಕೊಟ್ಟ ಮಗುವನ್ನು ಹೊಗಳುವುದು ಬಿಟ್ಟು ನಾನು ಕಣದ ಲೆಕ್ಕಕ್ಕೆ ಬಿದ್ದೆ. ಸೊನ್ನೆಯಿಂದ ಹದಿನೈದಕ್ಕೆ ಹದಿನಾರು ಗೆರೆಯಾದರೆ, ಸೊನ್ನೆಯಿಂದ ಇಪ್ಪತ್ತಕ್ಕೆ? ಇಪ್ಪತ್ತೊಂದು. ನಾನು ಸೊನ್ನೆ ಎಂದು ಬಿಟ್ಟ ಪ್ರತಿ ಲಾಭವೂ ಭತ್ತ ತುಂಬಿದ ಕೊಳಗವೇ ಆಗಿತ್ತು. ಒಂದೊಂದು ಖಂಡುಗಕ್ಕೂ ಒಂದು ಕೊಳಗ ಹೆಚ್ಚಿಗೆ ಹೋಗಿತ್ತು. ನಲವತ್ತು ಖಂಡುಗಕ್ಕೆ ನಲವತ್ತು ಕೊಳಗ. ನಲವತ್ತು ಕೊಳಗವೆಂದರೆ ಎರಡು ಖಂಡುಗ. ಕಾಣೆಯಾದದ್ದೂ ಎರಡೇ ಖಂಡುಗ. ಬೋರ್ಡಿನ ಮೇಲೆ ಒಂದು ಸಲ ಬರೆದು ನೋಡಿದೆ. ಭತ್ತವೆಲ್ಲ ಹುಲ್ಲು ಹೊದ್ದುಕೊಂಡು ಕಣದಲ್ಲೇ ಕೂತಿತ್ತು. ಇಲ್ಲದ್ದು ನನ್ನ ಬುದ್ಧಿ ಮಾತ್ರ.

ಹೆಡ್ಮೇಷ್ಟರ ಹತ್ತಿರ ಓಡಿ ಅರ್ಧ ದಿನದ ರಜೆ ಕೇಳಿದೆ. ಕಾರಣ ಬರೆಯಬೇಕಲ್ಲ ಎಂದರು. ಏನೆಂದು ಬರೆಯುವುದು? ಹೊಟ್ಟೆನೋವು ಎಂದು ಬರೆದೆ. ಆ ದಾರಿಯಲ್ಲಿ ಅಷ್ಟು ಜೋರಾಗಿ ಸೈಕಲ್ ತುಳಿದದ್ದು ಅದೊಂದೇ ದಿನ.

ಕಣದಲ್ಲಿ ಗಾಡಿಗಳು ಹಾಗೇ ನಿಂತಿದ್ದವು. ಮಾವ, ದೊಡ್ಡಮಾವ, ನಾಲ್ಕಾರು ಜನ ಇದ್ದರು. ಕಾವಲಿನಾತ ಕೋಲನ್ನು ಮೇಟಿಗೇ ಬಿಟ್ಟು, ಹೇಳಿ ಹೋಗಲು ಬಂದು ದೂರದಲ್ಲಿ ನಿಂತಿದ್ದ. ಆ ಸಲ ಅವನು ಗಾಡಿ ಬಂತು ಎಂದು ಕೂಗಲಿಲ್ಲ. ನನಗೆ ಅದೇ ಕರುಳಿಗೆ ತಾಗಿತು. ದೊಡ್ಡಮಾವನ ಎದುರು ನಿಂತು ಮಾತಾಡಿ ನನಗೆ ಅಭ್ಯಾಸವಿರಲಿಲ್ಲ. ಸೆರಗು ಹೊದ್ದುಕೊಂಡು, ಏದುಸಿರು ಬಿಡುತ್ತ, ಒಂದೇ ಉಸಿರಿಗೆ ಹೇಳಿಬಿಟ್ಟೆ.

"ದೊಡ್ಡಮಾವ, ಭತ್ತ ಎಲ್ಲೂ ಹೋಗಿಲ್ಲ. ನಿಮ್ಮ ಕಣ್ಣೂ ಸರಿಯಾಗಿದೆ. ತಪ್ಪು ನಂದು. ನಾನು ಲಾಭಾನ ಲೆಕ್ಕಕ್ಕೇ ತಗೊಂಡಿಲ್ಲ. ಸೊನ್ನೆ ಅಂದ್ಕೊಂಡೆ."

ಯಾರಿಗೂ ಅರ್ಥವಾಗಲಿಲ್ಲ. ದೊಡ್ಡಮಾವ ಒಂಟಿಗಣ್ಣಿನಲ್ಲಿ ನನ್ನನ್ನೇ ನೋಡಿ, ಲಾಭ ಎಂದರೆ ಒಂದು ಕಣವ್ವ ಎಂದರು. ಆಮೇಲೆ ನಿಧಾನವಾಗಿ, ಸಣ್ಣ ಮಗುವಿಗೆ ಹೇಳುವ ಹಾಗೆ ವಿವರಿಸಿದರು. ಲಕ್ಷ್ಮಿಯ ಮುಂದೆ ಒಂದು ಎಂದು ಶುರು ಮಾಡಿದರೆ ಒಂದಕ್ಕೇ ನಿಲ್ಲಬಹುದು ಎಂಬ ಭಯಕ್ಕೆ ಹಿರಿಯರು ಅದಕ್ಕೆ ಲಾಭ ಎಂದು ಹೆಸರಿಟ್ಟದ್ದು. ಲಾಭ ಆದಮೇಲೆ ಎರಡು, ಆಮೇಲೆ ಮೂರು. ಇದು ದನ ಕಾಯುವವರಿಗೂ ಗೊತ್ತಿರುವ ವಿಷಯ. ಅದಕ್ಕೇ ನನಗೆ ಹೇಳಬೇಕೆಂದು ಯಾರಿಗೂ ತೋಚಿರಲಿಲ್ಲ.

ಅಷ್ಟರಲ್ಲಿ ನಮ್ಮ ಮಾವ ಬಾಯಿ ಬಿಟ್ಟರು. ಖಂಡುಗ ತುಂಬಿಸುವಾಗೆಲ್ಲ ರಟ್ಟೆಗೆ ಒಂದು ಕೊಳಗ ಜಾಸ್ತಿ ಅನ್ನಿಸುತ್ತಲೇ ಇತ್ತಂತೆ. "ಓದಿರೋಳು ಎಣುಸ್ತಾವ್ಳೆ, ನನ್ ರಟ್ಟೇಗೇ ವಯಸ್ಸಾಯ್ತು ಅಂದ್ಕಂಡೆ" ಎಂದರು.

ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಅಳೆದೇ ನೋಡಬೇಕು ಎಂದಾಯಿತು. ಅಣ್ಣನ ಗುಡ್ಡೆಯ ಹುಲ್ಲು ಸರಿಸಿದರು. ಡಾಕ್ಟರ ಮಾತು ಪಕ್ಕಕ್ಕಿಟ್ಟು ದೊಡ್ಡಮಾವ ತಾವೇ ಎಣಿಸಲು ನಿಂತರು, ಹಸಿರು ಬಟ್ಟೆಯ ಮೇಲೊಂದು ವಸ್ತ್ರ ಕಟ್ಟಿಕೊಂಡು. ಮಧ್ಯಾಹ್ನದ ಬಿಸಿಲಲ್ಲಿ ಮಾವ ಮತ್ತೆ ಲಾಭ ಎಂದು ಶುರು ಮಾಡಿದರು. ಇಪ್ಪತ್ತು ಹಿಡಿ ಪಕ್ಕಕ್ಕೆ ಬಿದ್ದಮೇಲೂ ಗುಡ್ಡೆಯಲ್ಲಿ ಭತ್ತ ಉಳಿದಿತ್ತು. ಅದನ್ನೂ ಅಳೆದರು. ಸರಿಯಾಗಿ ಇಪ್ಪತ್ತೊಂದನೆಯ ಖಂಡುಗ. ನೆರೆದವರೆಲ್ಲ ನಿಟ್ಟುಸಿರು ಬಿಟ್ಟರು. ಇನ್ನೊಂದು ಗುಡ್ಡೆಯೂ ಹೀಗೇ ಇರುತ್ತದೆ, ಗಾಡಿ ಕಟ್ಟಿ ಎಂದು ಮಾವ ಬೆವರು ಒರೆಸಿಕೊಂಡರು.

ಕಾವಲಿನಾತ ಮುಂದೆ ಬಂದ. "ಒಂದ್ ಗುಡ್ಡೆ ಅಳುದ್ರೆ ನನ್ ಅರ್ಧ ಮಾನ ಬಂದಂಗಾಯ್ತು ಯಜಮಾನ್ರೆ. ಇನ್ನೊಂದ್ನೂ ಅಳೀರಿ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಅದುನ್ನ ಅವ್ವಾರೇ ಎಣುಸ್ಲಿ. ಬಾಯ್ಬುಟ್ಟು ಎಣುಸ್ಲಿ, ನಾನೂ ಕೇಳ್ಬೇಕು" ಎಂದ.

ರಾಶಿಯ ಮುಂದೆ ಬಾಯಿಬಿಟ್ಟು ಎಣಿಸುವುದೇ? ಅಣ್ಣತಮ್ಮಂದಿರು ಮುಖ ಮುಖ ನೋಡಿಕೊಂಡರು. ಒಂದು ಸಲ ಅಳೆದು ಮುಗಿದ ಭತ್ತ ಇನ್ನು ರಾಶಿಯಲ್ಲ, ಲಕ್ಷ್ಮಿಗೆ ಕೋಪ ಬರುವುದಿಲ್ಲ ಎಂದು ದೊಡ್ಡಮಾವ ಅಲ್ಲೇ ಒಂದು ತೀರ್ಪು ಕೊಟ್ಟರು. ನಾನು ನಿಂತೆ. ಲಾಭ ಎಂದೆ. ಎರಡು ಎಂದೆ. ಮೂರು ಎಂದೆ. ಮಗ್ಗಿ ಒಪ್ಪಿಸುವ ಹುಡುಗಿಯ ಹಾಗೆ, ನಾನೂರ ಇಪ್ಪತ್ತು ಕೊಳಗವನ್ನೂ ಊರಿಗೇ ಕೇಳುವಂತೆ ಎಣಿಸಿದೆ. ಪ್ರತಿ ಲಾಭಕ್ಕೂ ಕಾವಲಿನಾತ ತಲೆ ಆಡಿಸುತ್ತಿದ್ದ. ಕೊನೆಯ ಹಿಡಿ ಪಕ್ಕಕ್ಕಿಡುವಾಗ ದನಗಳು ಮನೆಗೆ ಬರುತ್ತಿದ್ದವು. ಇಪ್ಪತ್ತೊಂದು. ಎರಡೂ ಸೇರಿ ನಲವತ್ತೆರಡು.

ದೊಡ್ಡಮಾವನಿಗೆ ತಮ್ಮ ಒಂಟಿಗಣ್ಣು ಗೆದ್ದದ್ದಕ್ಕೆ ಒಳಗೊಳಗೇ ಸಂತೋಷ. ಅದು ಮುಖದಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಮೊದಲು ಅವರು ಮೇಟಿಯ ಹತ್ತಿರ ಹೋಗಿ, ಒರಗಿಸಿದ್ದ ಕೋಲನ್ನು ತೆಗೆದು, ಎಲ್ಲರ ಎದುರು ಅವನ ಕೈಗೆ ಕೊಟ್ಟರು. "ನಾನ್ ಕೇಳ್ಬಾರ್ದಾಗಿತ್ತು ಕಣ್ಲಾ" ಎಂದರು. ಅವನು ಬುಡಿ ಯಜಮಾನ್ರೆ ಎಂದ, ಅಷ್ಟೇ, ಕೋಲು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡ. ನನಗೆ ಅಳು ತಡೆಯಲಾಗಲಿಲ್ಲ. ತಪ್ಪಾಯ್ತು ಎಂದು ಅವನಿಗೆ ಹೇಳಿದೆ. ಅವನು ಪೊರಕೆ ತೆಗೆದುಕೊಂಡು, ಹಿಂದಿನ ದಿನ ಬಿಟ್ಟಿದ್ದ ನೆಲವನ್ನು ಗುಡಿಸಲು ಶುರು ಮಾಡಿ, ತಲೆಯೆತ್ತದೆ ಕೇಳಿದ.

"ಆ ಸೊನ್ನೆ ಅಂದ್ರೆ ಏನೂ ಇಲ್ಲ ಅಂತ ತಾನೇ ಅವ್ವಾರೆ? ಏನೂ ಇಲ್ದಿದ್ದು ಎರಡು ಖಂಡುಗ ಎಂಗ್ ನುಂಗ್ತು?"

ಎಲ್ಲರೂ ನಕ್ಕರು. ನಾನೂ ಅಳುತ್ತಲೇ ನಕ್ಕೆ. ಅವನು ಕೊಡಗಿಗೆ ಹೋಗಲಿಲ್ಲ. ಪಕ್ಕದೂರಿನವರು ತಾವೇ ಬಂದು ಕರೆದುಕೊಂಡು ಹೋದರು. ಮಾರನೆಯ ದಿನ ಶಾಲೆಯಲ್ಲಿ ಆ ಹುಡುಗಿಯನ್ನು ಕರೆದು ಹೊಸ ಪೆನ್ಸಿಲು ಕೊಟ್ಟು, ನಿನ್ನೆ ನಾನು ಗದರಿದ್ದು ತಪ್ಪು ಎಂದು ಕ್ಲಾಸಿನ ಎದುರೇ ಹೇಳಿದೆ. ಅವಳು ನಂಬಲಿಲ್ಲ, ಇದರಲ್ಲೇನೋ ಮರ್ಮವಿದೆ ಎಂದು ಪೆನ್ಸಿಲನ್ನು ತಿರುಗಿಸಿ ಮುರುಗಿಸಿ ನೋಡಿದಳು. ನೂರಾ ಐದನ್ನು ಸಾವಿರದ ಐದು ಮಾಡುವ ಮಕ್ಕಳ ಮೇಲೆ ಆಮೇಲೆ ನಾನು ಸಿಟ್ಟಾಗಲಿಲ್ಲ. ನೀನು ಯಾಕೆ ಹಾಗೆ ಬರೆದೆ ಎಂದು ಕೇಳುವುದನ್ನು ಕಲಿತೆ. ಕೇಳಿದರೆ ಅವರ ಹತ್ತಿರ ಯಾವಾಗಲೂ ಒಂದು ಕಾರಣ ಇರುತ್ತಿತ್ತು.

ನನ್ನನ್ನು ಎಣಿಕೆಯಿಂದ ತೆಗೆದುಹಾಕುತ್ತಾರೆ ಎಂದುಕೊಂಡಿದ್ದೆ. ಮರುವರ್ಷ ದೊಡ್ಡಮಾವನ ಎರಡೂ ಕಣ್ಣು ಸರಿಯಾಗಿದ್ದರೂ ನನ್ನನ್ನೇ ಕರೆದರು. ಹಾಗೆ ಕರೆಯಲು ಹೇಳಿದ್ದು ಕಾವಲಿನಾತ ಎಂದು ಆಮೇಲೆ ತಿಳಿಯಿತು. ಅವನು ಒಂದು ಕಟ್ಟಳೆಯನ್ನೂ ಹಾಕಿಕೊಂಡಿದ್ದ. ಮಾವ ಮೊದಲ ಕೊಳಗ ಎತ್ತುವ ಮೊದಲೇ ಕೋಲನ್ನು ಅಡ್ಡ ಹಿಡಿದು, ಲಾಭ ಅಂದ್ರೆಷ್ಟು ಅವ್ವಾರೆ ಎಂದು ಕೇಳುವನು. ನಾನು ಎಲ್ಲರೆದುರು ಒಂದು ಎನ್ನಬೇಕು. ಆಮೇಲೆ ಕೋಲು ಸರಿಯುವುದು. ವರ್ಷಾ ವರ್ಷ ಇದು ನಡೆಯಿತು. ನೋಡಲೆಂದೇ ಮಕ್ಕಳು ಬಂದು ನಿಲ್ಲುತ್ತಿದ್ದರು.

ಎರಡು ಸಾವಿರನೇ ಇಸವಿ ಕಳೆದು ಕೆಲವು ವರ್ಷಗಳಿಗೆ ಭತ್ತ ಕೊಯ್ಯುವ ಯಂತ್ರ ನಮ್ಮ ನಾಲೆಬಯಲಿಗೂ ಬಂತು. ಅಷ್ಟು ಹೊತ್ತಿಗೆ ಮಾವನ ರಟ್ಟೆಗೆ ನಿಜವಾಗಿಯೂ ವಯಸ್ಸಾಗಿತ್ತು. ಕೊಳಗ ಅಟ್ಟಕ್ಕೆ ಹೋಯಿತು, ಕರೆಂಟಿನ ತಕ್ಕಡಿ ಬಂತು. ಅದನ್ನು ತಂದ ಯುವಕ ಕಣದಲ್ಲಿ ತಕ್ಕಡಿಯಿಟ್ಟು, ಸ್ವಿಚ್ಚು ಒತ್ತಿ, ಬೇಗ ಮೂಟೆ ಇಡಿ ಎಂದು ಅವಸರ ಮಾಡಿದ. ಕಾವಲಿನಾತನಿಗೆ ಆಗ ಬೆನ್ನು ಬಾಗಿತ್ತು, ಕಾವಲೂ ಹೆಸರಿಗಷ್ಟೇ. ಅವನು ಬಗ್ಗಿ ಕೆಂಪಗೆ ಉರಿಯುವ ಅಂಕಿಗಳನ್ನು ನೋಡಿ, ಇದು ಎಷ್ಟು ತೋರಿಸುತ್ತಿದೆ ಎಂದು ನನ್ನನ್ನು ಕೇಳಿದ. ಇನ್ನೂರು ಗ್ರಾಮು ಎಂದೆ. ಹಲಗೆಯ ಮೇಲೆ ಹಿಂದಿನ ಕಣದ ಭತ್ತ, ದೂಳು ಕೂತಿತ್ತು.

"ಮೂಟೆನೇ ಇಕ್ಕಿಲ್ವಲ್ಲ, ಏನೂ ಇಲ್ದಾಗ ಎಷ್ಟಿರ್ಬೇಕು?"

"ಸೊನ್ನೆ" ಎಂದೆ.

ಅವನು ಅವಸರದ ಯುವಕನನ್ನು ಕೋಲಿನಿಂದ ಪಕ್ಕಕ್ಕೆ ಸರಿಸಿದ. ಹೆಗಲ ವಸ್ತ್ರ ತೆಗೆದು ಆ ಹಲಗೆಯನ್ನು ಮೂಲೆ ಮೂಲೆಯೂ ಬಿಡದೆ ಒರೆಸಿದ, ಕಣ ಗುಡಿಸುತ್ತಿದ್ದನಲ್ಲ, ಅಷ್ಟೇ ಒಪ್ಪವಾಗಿ. ಸಾಲು ಸೊನ್ನೆ ಬರುವವರೆಗೂ ಮೂಟೆ ಮುಟ್ಟಲು ಬಿಡಲಿಲ್ಲ. ಸೊನ್ನೆ ಸರಿಯಾಗಿದ್ದರೆ ಆಮೇಲೆ ಯಾರೂ ಯಾರನ್ನೂ ಏನೂ ಕೇಳುವ ಹಾಗಿಲ್ಲ ಎಂದು ಆ ಯುವಕನಿಗೆ ಬುದ್ಧಿ ಹೇಳಿದ. ನಾನು ಅಷ್ಟು ವರ್ಷ ಬೋರ್ಡಿನ ಮುಂದೆ ನಿಂತು ಹೇಳಲಾಗದ್ದನ್ನು ಅವನು ವಸ್ತ್ರ ಕೊಡವುತ್ತ ಹೇಳಿಬಿಟ್ಟಿದ್ದ.

ಮೊದಲ ಮೂಟೆ ತಕ್ಕಡಿಯ ಮೇಲೆ ಬಿತ್ತು. ಅವನು ಅಭ್ಯಾಸದಂತೆ ಲಾಭ ಎಂದು, ನನ್ನ ಕಡೆ ತಿರುಗಿ ಕಾದ. ನಾನು ಗಟ್ಟಿಯಾಗಿ ಒಂದು ಎಂದೆ.